ಆಶ್ರಯ ನಿರಾಕರಿಸಿದ ಮೇಲೆ: ಮೇಲ್ಮನವಿಯ ದಾರಿ ಒಂದೊಂದು ದೇಶದಲ್ಲಿ ಒಂದೊಂದು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಿರಾಶ್ರಿತರ ಬಗ್ಗೆ ನಾವು ಪತ್ರಿಕೆಗಳಲ್ಲಿ ಓದುವುದು ಸಾಮಾನ್ಯವಾಗಿ ಅವರು ಹೊರಟ ಕಥೆಯನ್ನು ಅಥವಾ ತಲುಪಿದ ಕಥೆಯನ್ನು. ಸಿರಿಯಾದಿಂದ ಹೊರಟವರು, ಕಾಬೂಲಿನಿಂದ ವಿಮಾನ ಹತ್ತಿದವರು, ಮೆಡಿಟರೇನಿಯನ್ ಸಮುದ್ರದಲ್ಲಿ ದೋಣಿ ಮಗುಚಿದವರು. ದಡ ಸೇರಿದ ಮೇಲೆ ಒಬ್ಬ ಅಧಿಕಾರಿಯ ಮುಂದೆ ಅರ್ಜಿ ಹಾಕಬೇಕು, ಆ ಅಧಿಕಾರಿ ಎಷ್ಟೋ ಸಲ 'ನಿಮ್ಮ ಮಾತು ನಂಬಲು ಸಾಧ್ಯವಿಲ್ಲ' ಎಂದು ಬರೆದು ಕಳುಹಿಸುತ್ತಾನೆ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ವರದಿಯಾಗುವುದು ಕಡಿಮೆ. ಇವತ್ತು ನಾನು ಮಾತನಾಡಲು ಬಯಸುವುದು ಆ ತಿರಸ್ಕಾರದ ಪತ್ರ ಕೈಗೆ ಬಂದ ನಂತರದ ದಿನಗಳ ಬಗ್ಗೆ. ಒಣ ವಿಷಯ ಎಂದು ನಿಮಗೆ ಅನ್ನಿಸಬಹುದು. ಆದರೆ ಒಬ್ಬ ಮನುಷ್ಯನನ್ನು ಸೆರೆಮನೆಗೋ ಸಾವಿಗೋ ವಾಪಸು ಕಳುಹಿಸುವುದು ಅಥವಾ ಕಳುಹಿಸದಿರುವುದು ತೀರ್ಮಾನವಾಗುವುದು ಬಹಳ ಸಲ ಈ ಒಣ ನಿಯಮಗಳಲ್ಲೇ.

ಮೊದಲು ಮೂಲ ಕಾನೂನನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1951ರ ಜುಲೈ 28ರಂದು ಜಿನೀವಾದಲ್ಲಿ ನಿರಾಶ್ರಿತರ ಒಪ್ಪಂದ ಅಂಗೀಕಾರವಾಯಿತು. 1967ರ ಪೂರಕ ಒಪ್ಪಂದ ಅದರ ಕಾಲದ ಮತ್ತು ಪ್ರದೇಶದ ಮಿತಿಗಳನ್ನು ತೆಗೆದುಹಾಕಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಈ ಐದು ಕಾರಣಗಳಲ್ಲಿ ಯಾವುದಾದರೊಂದಕ್ಕಾಗಿ ಕಿರುಕುಳಕ್ಕೆ ಒಳಗಾಗುವ ಸಕಾರಣ ಭಯ ಇರುವವನು ನಿರಾಶ್ರಿತ. ಒಪ್ಪಂದದ 33ನೇ ವಿಧಿಯಂತೆ ಅಂತಹವನನ್ನು ಅಪಾಯ ಇರುವ ಕಡೆಗೆ ಹಿಂದಕ್ಕೆ ತಳ್ಳಬಾರದು.

ಇಷ್ಟು ಹೇಳಿದ ಒಪ್ಪಂದ ಒಂದು ವಿಷಯದಲ್ಲಿ ಮೌನವಾಗಿದೆ. ಯಾರು ನಿರಾಶ್ರಿತ ಎಂದು ತೀರ್ಮಾನಿಸುವವರು ಯಾರು, ವಿಚಾರಣೆ ಹೇಗೆ ನಡೆಯಬೇಕು, ತಿರಸ್ಕರಿಸಿದರೆ ಮೇಲ್ಮನವಿ ಎಲ್ಲಿಗೆ ಎಂಬುದನ್ನು ಅದು ಹೇಳುವುದೇ ಇಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಅವರ ಕಾರ್ಯಕಾರಿ ಸಮಿತಿ 1977ರಲ್ಲಿ ಒಂದು ನಿರ್ಣಯ ಮಾಡಿತು. ತಿರಸ್ಕೃತನಿಗೆ ಮರುಪರಿಶೀಲನೆ ಕೋರಲು ನ್ಯಾಯಯುತವಾದ ಕಾಲಾವಕಾಶ ಕೊಡಬೇಕು, ಆ ಮನವಿ ಇತ್ಯರ್ಥವಾಗುವವರೆಗೆ ಅವನನ್ನು ದೇಶದಲ್ಲಿ ಇರಗೊಡಬೇಕು ಎಂದಿತು. 1979ರಲ್ಲಿ ಬಂದ ಹೈಕಮಿಷನರ್ ಕಚೇರಿಯ ಕೈಪಿಡಿಯಲ್ಲೂ ಇದೇ ಮಾತು ಇದೆ. ಆದರೆ ಮನವಿ ಅದೇ ಅಧಿಕಾರಿಯ ಬಳಿಗೋ ಬೇರೆ ಅಧಿಕಾರಿಯ ಬಳಿಗೋ, ಕಚೇರಿಗೋ ಕೋರ್ಟಿಗೋ ಎಂಬುದನ್ನು ಆಯಾ ದೇಶಕ್ಕೇ ಬಿಟ್ಟಿತು. ಕೈಪಿಡಿ ಕಾನೂನಲ್ಲ. ಹೀಗಾಗಿ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡ ದೇಶಗಳಲ್ಲಿ ಮೇಲ್ಮನವಿಯ ದಾರಿ ಮಾತ್ರ ಒಂದಕ್ಕೊಂದು ಹೋಲಿಕೆಯೇ ಇಲ್ಲದಂತೆ ಬೆಳೆಯಿತು.

ವಿದ್ಯಾರ್ಥಿಗಳಿಗೆ ಅರ್ಥವಾಗುವ ಒಂದು ಹೋಲಿಕೆ ಕೊಡುತ್ತೇನೆ. ಪಿ.ಯು.ಸಿ. ಫಲಿತಾಂಶ ಬಂದಾಗ ಅಂಕ ಕಡಿಮೆ ಬಂದಿದೆ ಎನಿಸಿದರೆ ನಿಮಗೆ ಎರಡು ದಾರಿಗಳಿವೆ. ಒಂದು ಮರುಎಣಿಕೆ, ಇನ್ನೊಂದು ಮರುಮೌಲ್ಯಮಾಪನ. ಮರುಎಣಿಕೆಯಲ್ಲಿ ಕೊಟ್ಟ ಅಂಕಗಳನ್ನು ಸರಿಯಾಗಿ ಕೂಡಿಸಿದ್ದಾರೆಯೇ ಎಂದಷ್ಟೇ ನೋಡುತ್ತಾರೆ. ಮರುಮೌಲ್ಯಮಾಪನದಲ್ಲಿ ಇನ್ನೊಬ್ಬ ಅಧ್ಯಾಪಕರು ನಿಮ್ಮ ಉತ್ತರವನ್ನು ಮೊದಲಿನಿಂದ ಓದುತ್ತಾರೆ. ಆಶ್ರಯದ ಮೇಲ್ಮನವಿಯಲ್ಲೂ ಇದೇ ಭೇದ. ಎರಡಕ್ಕೂ 'ಅಪೀಲು' ಎಂದೇ ಹೆಸರು. ಹೆಸರು ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಬ್ರಿಟನ್ನಿನ ಒಂದು ಹಳೆಯ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1987ರಲ್ಲಿ ಶ್ರೀಲಂಕಾದ ಐವರು ತಮಿಳು ಯುವಕರು ಲಂಡನ್ನಿನಲ್ಲಿ ಆಶ್ರಯ ಕೇಳಿದರು. ಗೃಹ ಇಲಾಖೆ ನಿರಾಕರಿಸಿತು. ಆಗಿನ ಕಾನೂನಿನಲ್ಲಿ ಅವರಂತಹವರಿಗೆ ಮೇಲ್ಮನವಿಯ ಹಕ್ಕು ಇತ್ತು, ಆದರೆ ಒಂದು ಷರತ್ತು. ಮೊದಲು ದೇಶ ಬಿಟ್ಟು ಹೋಗಬೇಕು, ಆಮೇಲೆ ಮನವಿ! ಯಾವ ಊರಿನಲ್ಲಿ ತನಗೆ ಅಪಾಯ ಇದೆ ಎಂದು ಹೇಳುತ್ತಾನೋ ಅದೇ ಊರಿಗೆ ಹೋಗಿ ಕುಳಿತು ತನಗೆ ಅಪಾಯ ಇದೆ ಎಂದು ವಾದಿಸಬೇಕು. ಅವರು ದೇಶದೊಳಗೇ ಇದ್ದು ಮೇಲಿನ ಕೋರ್ಟುಗಳಿಗೆ ಹೋದರು. ಕೋರ್ಟ್ ಆಫ್ ಅಪೀಲ್ ಅವರ ಪರವಾಗಿತ್ತು. 1987ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ತಿರುಗಿಸಿತು. 1988ರ ಫೆಬ್ರವರಿಯಲ್ಲಿ ಅವರನ್ನು ಶ್ರೀಲಂಕಾಕ್ಕೆ ಕಳುಹಿಸಲಾಯಿತು. ಆಗ ಆ ದೇಶದ ಉತ್ತರ ಭಾಗದಲ್ಲಿ ನಮ್ಮದೇ ಶಾಂತಿಪಾಲನಾ ಪಡೆ ಇತ್ತು, ಕಾಳಗ ನಡೆಯುತ್ತಿತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಇತ್ತ ಲಂಡನ್ನಿನಲ್ಲಿ ಅವರ ವಕೀಲರು ಮೇಲ್ಮನವಿ ನಡೆಸಿದರು. 1989ರಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು: ಇವರ ಭಯ ಸಕಾರಣವಾದದ್ದೇ, ಇವರಿಗೆ ಆಶ್ರಯ ಕೊಡಬೇಕಾಗಿತ್ತು. ಅದೇ ವರ್ಷ ಅವರು ಬ್ರಿಟನ್ನಿಗೆ ಮರಳಿದರು.

ಐವರೂ ಜೀವಂತವಾಗಿ ಉಳಿದಿದ್ದರಿಂದ ಆ ತೀರ್ಪು ಅವರಿಗೆ ಉಪಯೋಗಕ್ಕೆ ಬಂತು. 1991ರಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ ತಪ್ಪು ಮಾಡಿಲ್ಲ ಎಂದಿತು. ಕೋರ್ಟುಗಳಲ್ಲಿ ರಿಟ್ ಮಾದರಿಯ ಪರಿಶೀಲನೆ ಇತ್ತಲ್ಲ, ಅಷ್ಟು ಸಾಕು ಎಂಬುದು ಅದರ ಅಭಿಪ್ರಾಯ. ನನಗೆ ಆ ತೀರ್ಪು ಎಂದೂ ಒಪ್ಪಿಗೆಯಾಗಿಲ್ಲ. ಬ್ರಿಟನ್ನಿನ ಸಂಸತ್ತಿಗೂ ಪೂರ್ತಿ ಸಮಾಧಾನ ಇರಲಿಲ್ಲವೆಂದು ತೋರುತ್ತದೆ. 1993ರ ಕಾಯ್ದೆ ಆಶ್ರಯ ನಿರಾಕರಣೆಯ ವಿರುದ್ಧ ದೇಶದೊಳಗೇ ಇದ್ದು ಮೇಲ್ಮನವಿ ಸಲ್ಲಿಸುವ ಹಕ್ಕನ್ನು ತಂದಿತು.

ನಮ್ಮ ಕೋರ್ಟುಗಳ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿರುವ ಪ್ರಶ್ನೆ 'ಸ್ಟೇ'ಯದು. ಜಮೀನಿನ ವ್ಯಾಜ್ಯ ಇರುವ ಯಾವ ಹಳ್ಳಿಯಲ್ಲಿ ಕೇಳಿದರೂ 'ಅಪೀಲು ಹಾಕಿದ್ದೀರಾ' ಎನ್ನುವುದಕ್ಕಿಂತ ಮೊದಲು 'ಸ್ಟೇ ತಂದಿದ್ದೀರಾ' ಎಂದು ಕೇಳುತ್ತಾರೆ. ಸ್ಟೇ ಇಲ್ಲದ ಅಪೀಲಿನ ಬೆಲೆ ಎಷ್ಟೆಂದು ನಮ್ಮ ರೈತರಿಗೆ ಗೊತ್ತು. ಜಮೀನಾದರೆ ಹತ್ತು ವರ್ಷದ ನಂತರವಾದರೂ ವಾಪಸು ಬರಬಹುದು.

ಈ ಸ್ಟೇ ಜರ್ಮನಿಯಲ್ಲಿ ಅರ್ಜಿಯ ಬಗೆಯನ್ನು ಅವಲಂಬಿಸಿದೆ. ನ್ಯೂರೆಂಬರ್ಗಿನಲ್ಲಿ ಕೇಂದ್ರ ಕಚೇರಿ ಇರುವ ಫೆಡರಲ್ ವಲಸೆ ಇಲಾಖೆ ಸಾಮಾನ್ಯ ರೀತಿಯಲ್ಲಿ ನಿರಾಕರಿಸಿದರೆ ಎರಡು ವಾರದೊಳಗೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು, ಹೋದರೆ ಗಡೀಪಾರು ತಾನಾಗಿಯೇ ನಿಲ್ಲುತ್ತದೆ. ಆದರೆ ಇಲಾಖೆ 'ಮೇಲ್ನೋಟಕ್ಕೇ ಆಧಾರರಹಿತ' ಎಂದು ಷರಾ ಬರೆದರೆ ಗಡುವು ಒಂದೇ ವಾರ. ಆ ವಾರದೊಳಗೆ ಮನವಿಯ ಜೊತೆಗೆ ತುರ್ತು ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಬೇಕು. ವಿಮಾನ ನಿಲ್ದಾಣದಲ್ಲೇ ತಡೆಹಿಡಿದು ತೀರ್ಮಾನಿಸಿದ ಪ್ರಕರಣಗಳಲ್ಲಿ ಮೂರು ದಿನ. ಒಂದು ಷರಾದಿಂದ ಮನುಷ್ಯನ ಕಾಲಾವಕಾಶ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಷರಾ ಬರೆಯುವವರು ಯಾರು? ತಿರಸ್ಕರಿಸಿದ ಅದೇ ಇಲಾಖೆ.

ಜಪಾನಿನ ಕಥೆ ಇನ್ನೂ ಕಠಿಣ. ಅಲ್ಲಿ ಮೊದಲ ಆಕ್ಷೇಪಣೆಯನ್ನು ಏಳು ದಿನದೊಳಗೆ ನ್ಯಾಯ ಮಂತ್ರಿಗೇ ಸಲ್ಲಿಸಬೇಕು. 2005ರಿಂದ ಹೊರಗಿನ ಪರಿಶೀಲನಾ ಸಲಹೆಗಾರರ ಅಭಿಪ್ರಾಯ ಕೇಳುವ ಪದ್ಧತಿ ಬಂದಿದೆ, ಆದರೆ ಕಡೆಯ ಮಾತು ಮಂತ್ರಿಯದೇ. ನಂತರ ಕೋರ್ಟಿಗೆ ಹೋಗುವ ಹಕ್ಕೇನೋ ಇದೆ. 2014ರಲ್ಲಿ ಇಬ್ಬರು ಶ್ರೀಲಂಕಾದವರಿಗೆ ಅವರ ಆಕ್ಷೇಪಣೆ ತಿರಸ್ಕೃತವಾಗಿದೆ ಎಂದು ತಿಳಿಸಿ ಮರುದಿನವೇ ವಿಮಾನ ಹತ್ತಿಸಲಾಯಿತು. ಕೋರ್ಟಿನ ಮೆಟ್ಟಿಲು ಹತ್ತಲು ಒಂದು ರಾತ್ರಿ! 2021ರ ಸೆಪ್ಟೆಂಬರಿನಲ್ಲಿ ಟೋಕಿಯೋ ಹೈಕೋರ್ಟ್ ಇದು ಸಂವಿಧಾನ ಕೊಟ್ಟ ನ್ಯಾಯಾಲಯದ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತಿತು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ಗಡುವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬ್ರಿಟನ್ನಿನಲ್ಲಿ 14 ದಿನ, ಫ್ರಾನ್ಸಿನಲ್ಲಿ ಒಂದು ತಿಂಗಳು, ಆಸ್ಟ್ರೇಲಿಯಾದಲ್ಲಿ 28 ದಿನ, ಕೆನಡಾದಲ್ಲಿ ಮನವಿಯ ನೋಟೀಸು ಕೊಡಲು 15 ದಿನ. ಅಮೆರಿಕದಲ್ಲಿ ದಶಕಗಳ ಕಾಲ 30 ದಿನ ಇತ್ತು. ಸಂಖ್ಯೆಯನ್ನಷ್ಟೇ ನೋಡಿದರೆ ಫ್ರಾನ್ಸ್ ಉದಾರಿ. ಆದರೆ ಆ ಒಂದು ತಿಂಗಳಲ್ಲಿ ಕಾರಣಗಳನ್ನು ಫ್ರೆಂಚ್ ಭಾಷೆಯಲ್ಲೇ ಬರೆದು ಸಲ್ಲಿಸಬೇಕು. ಪಾಷ್ತೋ ಮಾತ್ರ ಬಲ್ಲ ಒಬ್ಬ ಕುರಿಗಾಹಿಗೆ ಒಂದು ತಿಂಗಳು ಎಂದರೆ ಎಷ್ಟು ದಿನ ಎಂದು ನೀವೇ ಲೆಕ್ಕ ಹಾಕಿ. ನಮ್ಮಲ್ಲಿ ತಹಶೀಲ್ದಾರರು ಖಾತೆ ಬದಲಾವಣೆಯ ಅರ್ಜಿ ವಜಾ ಮಾಡಿದರೆ ಅಸಿಸ್ಟೆಂಟ್ ಕಮಿಷನರರ ಬಳಿ ಅಪೀಲು ಹೋಗುತ್ತೇವೆ. ಸ್ವಂತ ತಾಲ್ಲೂಕು, ಸ್ವಂತ ಭಾಷೆ, ಗುರುತಿನ ವಕೀಲರು. ಆದರೂ ಆದೇಶದ ದೃಢೀಕೃತ ನಕಲು ಕೈಗೆ ಬರುವಷ್ಟರಲ್ಲಿ ಎಷ್ಟು ಸಲ ಕಚೇರಿ ಸುತ್ತುತ್ತೇವೆ! ಅವನಾದರೋ ತನ್ನ ಊರಿನಿಂದ ಪೊಲೀಸ್ ವಾರಂಟಿನ ಪ್ರತಿ ತರಿಸಬೇಕು, ಅದನ್ನು ಕಳುಹಿಸುವ ತಮ್ಮನಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು, ಅನುವಾದ ಮಾಡಿಸಬೇಕು.

ಗಡುವನ್ನು ಕಡಿತಗೊಳಿಸುವ ಹುಮ್ಮಸ್ಸು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೂ ಬ್ರಿಟನ್ನೇ ಉದಾಹರಣೆ. ಬಂಧನದಲ್ಲಿಟ್ಟುಕೊಂಡು ತ್ವರಿತವಾಗಿ ಇತ್ಯರ್ಥ ಮಾಡುವ ಒಂದು ಪದ್ಧತಿ ಅಲ್ಲಿ ಇತ್ತು. ಅದರಲ್ಲಿ ಮೇಲ್ಮನವಿಗೆ ಎರಡು ಕೆಲಸದ ದಿನಗಳು. 2015ರಲ್ಲಿ ಕೋರ್ಟ್ ಆಫ್ ಅಪೀಲ್ ಆ ನಿಯಮಗಳು ರಚನೆಯಲ್ಲೇ ಅನ್ಯಾಯದವು ಎಂದು ರದ್ದುಪಡಿಸಿತು. ಇದರ ಜೊತೆಗೆ ಇನ್ನೊಂದು ದಾರಿಯೂ ಇತ್ತು. 'ಸುರಕ್ಷಿತ ದೇಶಗಳು' ಎಂಬ ಪಟ್ಟಿ ಮಾಡಿ, ಆ ದೇಶಗಳಿಂದ ಬಂದವರ ಅರ್ಜಿ ಸ್ಪಷ್ಟವಾಗಿ ಆಧಾರರಹಿತ ಎಂದು ಪ್ರಮಾಣೀಕರಿಸಿದರೆ ಮತ್ತೆ ಹಳೆಯ ಕ್ರಮವೇ, ಅಂದರೆ ಮೊದಲು ಹೋಗು, ಆಮೇಲೆ ಮನವಿ ಮಾಡು ಎಂಬುದೇ. 2005ರಲ್ಲಿ ಭಾರತವೂ ಆ ಪಟ್ಟಿಗೆ ಸೇರಿತು. 2022ರ ಕಾಯ್ದೆಯಲ್ಲಿ ಇಂತಹ ಪ್ರಕರಣಗಳಿಗೆ ಹೊರಗಿನಿಂದ ಮನವಿ ಮಾಡುವ ಅವಕಾಶವನ್ನೂ ತೆಗೆದುಹಾಕಿದರು.

ಈಗ ಮರುಎಣಿಕೆ ಮತ್ತು ಮರುಮೌಲ್ಯಮಾಪನದ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ 2010ರಿಂದ ಮೊದಲ ಹಂತದ ನ್ಯಾಯಮಂಡಳಿಯ ವಲಸೆ ಮತ್ತು ಆಶ್ರಯ ಪೀಠ ಈ ಮನವಿಗಳನ್ನು ಕೇಳುತ್ತಾ ಬಂದಿದೆ. ಅರ್ಜಿದಾರ ಎದುರಿಗೆ ನಿಂತು ಸಾಕ್ಷ್ಯ ನುಡಿಯುತ್ತಾನೆ, ಹೊಸ ದಾಖಲೆ ಕೊಡಬಹುದು, ನ್ಯಾಯಾಧೀಶರು ಸಂಗತಿಗಳನ್ನು ತಾವೇ ಹೊಸದಾಗಿ ಅಳೆಯುತ್ತಾರೆ. ಇದು ಮರುಮೌಲ್ಯಮಾಪನ. ಅಲ್ಲಿಂದ ಮೇಲಿನ ನ್ಯಾಯಮಂಡಳಿಗೆ ಹೋಗಲು ಅನುಮತಿ ಬೇಕು, ಕಾನೂನಿನ ದೋಷ ತೋರಿಸಬೇಕು. ಅದು ಮರುಎಣಿಕೆ. ಇತ್ತೀಚಿನ ಕೆಲವು ವರ್ಷಗಳಲ್ಲಿ ಮೊದಲ ಹಂತದ ಪೀಠದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೇಲ್ಮನವಿಗಳು ಗೆದ್ದಿವೆ. ಇದನ್ನು ಕೇಳಿ ಕೆಲವರು ನ್ಯಾಯಾಧೀಶರು ಸಡಿಲ ಎನ್ನುತ್ತಾರೆ. ಒಂದು ಪರೀಕ್ಷೆಯ ಮರುಮೌಲ್ಯಮಾಪನದಲ್ಲಿ ಅರ್ಧದಷ್ಟು ಮಕ್ಕಳು ಪಾಸಾದರೆ ನಾವು ಯಾರನ್ನು ಪ್ರಶ್ನಿಸುತ್ತೇವೆ? ಬಾಕಿ ಪ್ರಕರಣಗಳು ಬೆಟ್ಟದಷ್ಟು ಬೆಳೆದಿವೆ ಎಂಬ ಕಾರಣ ಕೊಟ್ಟು, ಈ ಕೆಲಸವನ್ನು ನ್ಯಾಯಮಂಡಳಿಯಿಂದ ತೆಗೆದು ಪ್ರತ್ಯೇಕ ಸ್ವತಂತ್ರ ಸಂಸ್ಥೆಯೊಂದಕ್ಕೆ ಕೊಡುವ ಯೋಜನೆಯನ್ನು ಅಲ್ಲಿನ ಸರಕಾರ 2025ರಲ್ಲಿ ಪ್ರಕಟಿಸಿತು.

ಜರ್ಮನಿಯ ನ್ಯಾಯಾಧೀಶರು ಇನ್ನೊಂದು ಹೆಜ್ಜೆ ಮುಂದೆ. ಎರಡು ಕಡೆಯ ವಾದ ಕೇಳಿ ಸುಮ್ಮನಿರುವವರಲ್ಲ. ಸಂಗತಿಯನ್ನು ತಾವೇ ಶೋಧಿಸುವುದು ಅವರ ಕರ್ತವ್ಯ. ವಿದೇಶಾಂಗ ಇಲಾಖೆಯ ವರದಿ ತರಿಸುತ್ತಾರೆ, ತಜ್ಞರನ್ನು ಕೇಳುತ್ತಾರೆ. ಜೊತೆಗೆ ಅವರು ನೋಡುವುದು ವಿಚಾರಣೆಯ ದಿನದ ಪರಿಸ್ಥಿತಿಯನ್ನು, ಅರ್ಜಿ ತಿರಸ್ಕರಿಸಿದ ದಿನದ್ದನ್ನಲ್ಲ. ಇದು ಸಣ್ಣ ವಿಷಯವಲ್ಲ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನರ ಕೈಗೆ ಹೋದಾಗ ನಮ್ಮ ಮೈಸೂರು, ಬೆಂಗಳೂರುಗಳಲ್ಲೇ ಅಫ್ಘಾನಿಸ್ತಾನದ ವಿದ್ಯಾರ್ಥಿಗಳು ಓದುತ್ತಿದ್ದರು. ಅವರು ಊರು ಬಿಟ್ಟಾಗ ನಿರಾಶ್ರಿತರಾಗಿರಲಿಲ್ಲ, ಪರೀಕ್ಷೆ ಬರೆಯಲು ಬಂದವರು. ಊರಿನ ಸ್ಥಿತಿ ಬದಲಾದ್ದರಿಂದ ಇದ್ದಲ್ಲೇ ಭಯಕ್ಕೆ ಒಳಗಾದರು. ಜೂನ್ ತಿಂಗಳಲ್ಲಿ ತಿರಸ್ಕೃತವಾದ ಇಂತಹ ಅರ್ಜಿಯನ್ನು ಸೆಪ್ಟೆಂಬರಿನಲ್ಲಿ ಪರಿಶೀಲಿಸುವ ನ್ಯಾಯಾಧೀಶ ಯಾವ ದಿನದ ಅಫ್ಘಾನಿಸ್ತಾನವನ್ನು ನೋಡಬೇಕು? ಐರೋಪ್ಯ ಒಕ್ಕೂಟದ 2013ರ ನಿರ್ದೇಶನವು ಸಂಗತಿ, ಕಾನೂನು ಎರಡನ್ನೂ ಪೂರ್ತಿಯಾಗಿ, ಇಂದಿನ ಸ್ಥಿತಿಯಂತೆ ಪರಿಶೀಲಿಸಬೇಕು ಎಂದು ತನಗೆ ಒಳಪಟ್ಟ ಸದಸ್ಯ ದೇಶಗಳಿಗೆ ಹೇಳಿತು. ಅದರ ಜಾಗಕ್ಕೆ 2024ರಲ್ಲಿ ಅಂಗೀಕರಿಸಿದ ಹೊಸ ನಿಯಮಾವಳಿ ಅನ್ವಯವಾಗಲು ಗೊತ್ತುಮಾಡಿದ ದಿನ 2026ರ ಜೂನ್ 12. ಅದರಲ್ಲಿ ತ್ವರಿತ ಪ್ರಕರಣಗಳಿಗೆ ಐದರಿಂದ ಹತ್ತು ದಿನಗಳ ಗಡುವು.

ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. ವಲಸೆ ನ್ಯಾಯಾಧೀಶರ ಆದೇಶದ ವಿರುದ್ಧ ವರ್ಜೀನಿಯಾದ ಫಾಲ್ಸ್ ಚರ್ಚ್ ಎಂಬಲ್ಲಿರುವ ವಲಸೆ ಮೇಲ್ಮನವಿ ಮಂಡಲಿಗೆ ಹೋಗಬೇಕು. 2002ರ ನಿಯಮದ ನಂತರ ಮಂಡಲಿ ಸಂಗತಿಗಳನ್ನು ಹೊಸದಾಗಿ ಅಳೆಯುವುದಿಲ್ಲ. ಕೆಳಗಿನವರು ಎದ್ದುಕಾಣುವ ತಪ್ಪು ಮಾಡಿದ್ದಾರೆಯೇ ಎಂದಷ್ಟೇ ನೋಡುತ್ತದೆ. ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲ. ಆಗಿನ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಅದೇ ಸಮಯದಲ್ಲಿ ಮಂಡಲಿಯ ಸದಸ್ಯ ಸ್ಥಾನಗಳನ್ನು 23ರಿಂದ 11ಕ್ಕೆ ಇಳಿಸಿದರು, ಹೆಚ್ಚಿನ ಪ್ರಕರಣಗಳನ್ನು ಒಬ್ಬನೇ ಸದಸ್ಯ, ಕಾರಣ ಬರೆಯದೆ, ಒಂದೆರಡು ಸಾಲಿನಲ್ಲಿ ಮುಗಿಸಲು ದಾರಿ ಮಾಡಿಕೊಟ್ಟರು. ಬಾಕಿ ಕಡತಗಳು ಬೇಗ ಕರಗಿದವು, ನಿಜ. ಆದರೆ ಕಾರಣವೇ ಇಲ್ಲದ ಆದೇಶ ಪಡೆದವರೆಲ್ಲ ಫೆಡರಲ್ ಅಪೀಲು ನ್ಯಾಯಾಲಯಗಳಿಗೆ ಹೋದರು, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ಕಡೆಯ ನ್ಯಾಯಾಲಯಗಳು ಈ ಕಡತಗಳಿಂದ ತುಂಬಿಹೋದವು. ಮಂಡಲಿಯ ಮುಂದೆ ಮನವಿ ಇರುವಾಗ ಗಡೀಪಾರು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ, ಆದರೆ ಫೆಡರಲ್ ನ್ಯಾಯಾಲಯದಲ್ಲಿ ಸ್ಟೇಯನ್ನು ಬೇಡಿ ಪಡೆಯಬೇಕು. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಸರಕಾರದ ಖರ್ಚಿನಲ್ಲಿ ಅಲ್ಲ. 2025ರ ಕಾನೂನು ಮಂಡಲಿಗೆ ಮನವಿ ಸಲ್ಲಿಸುವ ಶುಲ್ಕವನ್ನು 110 ಡಾಲರಿನಿಂದ ಒಮ್ಮೆಲೇ ಹಲವು ಪಟ್ಟು ಏರಿಸಿತು. ಜರ್ಮನಿಯಲ್ಲಿ ಆಶ್ರಯದ ವ್ಯಾಜ್ಯಕ್ಕೆ ಕೋರ್ಟು ಶುಲ್ಕವೇ ಇಲ್ಲ. ಆಸ್ಟ್ರೇಲಿಯಾ ಇನ್ನೂ ವಿಚಿತ್ರ. ಅಲ್ಲಿ 1997ರಲ್ಲಿ ಸಾವಿರ ಡಾಲರ್ ಶುಲ್ಕ ಇಟ್ಟರು, ಅದೂ ಸೋತವರಿಗೆ ಮಾತ್ರ!

ಕೆನಡಾದ ಬಗ್ಗೆ ಹೇಳದಿದ್ದರೆ ಈ ಮಾತು ಅಪೂರ್ಣ. ಅಲ್ಲಿನ ವ್ಯವಸ್ಥೆಯನ್ನು ತಿರುಗಿಸಿದವರು ಬಹುಪಾಲು ನಮ್ಮ ದೇಶದಿಂದ ಹೋದ ಸಿಖ್ಖರು. ಅವರ ಅರ್ಜಿಗಳನ್ನು ಕಾಗದದ ಮೇಲೆಯೇ ತಿರಸ್ಕರಿಸಲಾಗಿತ್ತು. ತೀರ್ಮಾನಿಸುವವರು ಅವರ ಮುಖ ನೋಡಿರಲಿಲ್ಲ. 1985ರ ಏಪ್ರಿಲ್ 4ರಂದು ಕೆನಡಾದ ಸುಪ್ರೀಂ ಕೋರ್ಟ್, ಒಬ್ಬನ ಮಾತು ನಂಬಬೇಕೋ ಬೇಡವೋ ಎಂಬುದೇ ಪ್ರಶ್ನೆಯಾಗಿರುವಾಗ ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ತೀರ್ಮಾನಿಸುವಂತಿಲ್ಲ ಎಂದಿತು. ಆ ದಿನವನ್ನು ಅಲ್ಲಿ ನಿರಾಶ್ರಿತರ ಹಕ್ಕುಗಳ ದಿನವೆಂದು ಆಚರಿಸುತ್ತಾರೆ. 1989ರಲ್ಲಿ ಸ್ವತಂತ್ರ ವಲಸೆ ಮತ್ತು ನಿರಾಶ್ರಿತರ ಮಂಡಲಿ ಬಂತು. ಮೊದಲು ಇಬ್ಬರು ಸದಸ್ಯರ ಪೀಠ. 2002ರಲ್ಲಿ ಹೊಸ ಕಾಯ್ದೆ ಜಾರಿಯಾದಾಗ ಒಬ್ಬರನ್ನು ಕಡಿಮೆ ಮಾಡಿದರು. ಅದಕ್ಕೆ ಬದಲಾಗಿ ಮೇಲ್ಮನವಿ ವಿಭಾಗವೊಂದನ್ನು ಕೊಡುತ್ತೇವೆ ಎಂದು ಅದೇ ಕಾಯ್ದೆಯಲ್ಲಿ ಬರೆದರು. ಪೀಠ ತಕ್ಷಣ ಚಿಕ್ಕದಾಯಿತು. ಮೇಲ್ಮನವಿ ವಿಭಾಗ ಬಂದದ್ದು 2012ರ ಡಿಸೆಂಬರಿನಲ್ಲಿ! ಹತ್ತು ವರ್ಷ ಆ ಕಲಂ ಪುಸ್ತಕದಲ್ಲೇ ಮಲಗಿತ್ತು. ಬಂದ ಮೇಲೂ ಅದು ಬಹುತೇಕ ಕಾಗದದ ಮೇಲೆಯೇ ನಡೆಯುತ್ತದೆ, ಹೊಸ ಸಾಕ್ಷ್ಯಕ್ಕೆ ಕಟ್ಟುನಿಟ್ಟು. ಕೆಲವು ದೇಶಗಳ ಪಟ್ಟಿ ಮಾಡಿ ಅಲ್ಲಿಂದ ಬಂದವರಿಗೆ ಆ ಮನವಿಯೂ ಇಲ್ಲ ಎಂದಿದ್ದರು. 2015ರಲ್ಲಿ ಫೆಡರಲ್ ಕೋರ್ಟ್ ಅದನ್ನು ಸಮಾನತೆಗೆ ವಿರುದ್ಧ ಎಂದು ತೆಗೆದುಹಾಕಿತು.

ಇನ್ನು ಪೀಠದಲ್ಲಿ ಕೂರುವವರ ವಿಷಯ. ಫ್ರಾನ್ಸಿನದು ಒಂದು ಅಪರೂಪದ ವ್ಯವಸ್ಥೆ. ಪ್ಯಾರಿಸಿನ ಪಕ್ಕದ ಮೊಂತ್ರಯ್ ಎಂಬಲ್ಲಿ ಆಶ್ರಯದ ರಾಷ್ಟ್ರೀಯ ನ್ಯಾಯಾಲಯ ಇದೆ. ಇಡೀ ದೇಶದ ಮೇಲ್ಮನವಿಗಳೆಲ್ಲ ಅದಕ್ಕೇ. ಅದರ ಮೂವರು ಸದಸ್ಯರ ಪೀಠದಲ್ಲಿ ಒಬ್ಬರನ್ನು ಹೆಸರಿಸುವುದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ. 1950ರ ದಶಕದಿಂದ ನಡೆದುಬಂದ ಪದ್ಧತಿ ಅದು. 2024ರ ಜನವರಿಯ ಕಾನೂನು ಒಬ್ಬನೇ ನ್ಯಾಯಾಧೀಶನ ಪೀಠವನ್ನು ಸಾಮಾನ್ಯ ನಿಯಮವನ್ನಾಗಿ ಮಾಡಿತು. ಮೂವರ ಪೀಠ ಈಗ ವಿಶೇಷ ಪ್ರಕರಣಗಳಿಗೆ ಮಾತ್ರ. ಲಿಯಾನ್, ಬೋರ್ಡೋ ಮುಂತಾದ ಕಡೆ ಶಾಖಾ ಪೀಠಗಳು ಬಂದದ್ದರಿಂದ ಅರ್ಜಿದಾರರ ಪ್ರಯಾಣ ಕಡಿಮೆಯಾಯಿತು ಎಂಬ ಲಾಭವನ್ನೂ ಹೇಳಬೇಕು.

ಗ್ರೀಸಿನಲ್ಲಿ ಬಹುಕಾಲ ಅರ್ಜಿ ತೀರ್ಮಾನಿಸುತ್ತಿದ್ದದ್ದು ಪೊಲೀಸರು. 2008ರಲ್ಲಿ ಮೊದಲ ಹಂತದಲ್ಲಿ ನಿರಾಶ್ರಿತ ಮಾನ್ಯತೆ ಸಿಕ್ಕಿದ್ದು ಕೇವಲ 11 ಮಂದಿಗೆ, ಶೇಕಡಾ 0.04. 2011ರ ಜನವರಿಯಲ್ಲಿ ಒಬ್ಬ ಅಫ್ಘಾನಿಯ ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಗ್ರೀಸಿನ ಈ ವ್ಯವಸ್ಥೆಯನ್ನೂ, ಅವನನ್ನು ಗ್ರೀಸಿಗೆ ವಾಪಸು ಕಳುಹಿಸಿದ ಬೆಲ್ಜಿಯಂ ಅನ್ನೂ ಒಟ್ಟಿಗೆ ತಪ್ಪಿತಸ್ಥರೆಂದಿತು. ನಂತರ ಅಲ್ಲಿ ಸ್ವತಂತ್ರ ಮೇಲ್ಮನವಿ ಸಮಿತಿಗಳು ಬಂದವು. 2016ರ ಮಾರ್ಚಿನಲ್ಲಿ ಐರೋಪ್ಯ ಒಕ್ಕೂಟ ಮತ್ತು ಟರ್ಕಿಯ ನಡುವೆ ಒಡಂಬಡಿಕೆ ಆಯಿತು, ದ್ವೀಪಗಳಿಗೆ ಬಂದವರನ್ನು ಟರ್ಕಿಗೆ ವಾಪಸು ಕಳುಹಿಸುವುದೆಂದು. ಆದರೆ ಸಮಿತಿಗಳು ಒಂದರ ಮೇಲೊಂದು ಪ್ರಕರಣದಲ್ಲಿ 'ಈ ವ್ಯಕ್ತಿಗೆ ಟರ್ಕಿ ಸುರಕ್ಷಿತವಲ್ಲ' ಎನ್ನತೊಡಗಿದವು. ಮೂರೇ ತಿಂಗಳಲ್ಲಿ ಸಂಸತ್ತು ಕಾನೂನು ತಿದ್ದಿ ಸಮಿತಿಗಳ ರಚನೆಯನ್ನೇ ಬದಲಿಸಿ ನ್ಯಾಯಾಧೀಶರಿಗೆ ಬಹುಮತ ಕೊಟ್ಟಿತು. ನ್ಯಾಯಾಧೀಶರು ಬರುವುದು ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಆಟದ ನಡುವೆ ಅಂಪೈರನ್ನು ಬದಲಿಸಿದರೆ ಕಾರಣ ಕೇಳುವ ಹಕ್ಕು ನೋಡುಗರಿಗಿದೆ.

ಅಮೆರಿಕದ ವಲಸೆ ನ್ಯಾಯಾಲಯ ಮತ್ತು ಮಂಡಲಿ ಎರಡೂ ನ್ಯಾಯ ಇಲಾಖೆಯ ಕೈಕೆಳಗಿನವು. ಅಟಾರ್ನಿ ಜನರಲ್ ಯಾವ ಪ್ರಕರಣವನ್ನಾದರೂ ತಮ್ಮ ಮೇಜಿಗೆ ತರಿಸಿಕೊಂಡು ತಾವೇ ತೀರ್ಪು ಕೊಡಬಹುದು. ಗಂಡನ ಹಿಂಸೆಯಿಂದ ಓಡಿಬಂದ ಹೆಂಗಸರಿಗೆ ಆಶ್ರಯ ಸಿಗುವುದನ್ನು ಕಷ್ಟವಾಗಿಸಿದ ತೀರ್ಪು 2018ರಲ್ಲಿ ಹೀಗೆ ಬಂತು, 2021ರಲ್ಲಿ ಇನ್ನೊಬ್ಬ ಅಟಾರ್ನಿ ಜನರಲ್ ಅದನ್ನು ರದ್ದುಮಾಡಿದರು, 2025ರಲ್ಲಿ ಮತ್ತೊಬ್ಬರು ಬಂದು ಹಳೆಯದನ್ನೇ ಎತ್ತಿಹಿಡಿದರು. ಕಾನೂನು ಅದೇ, ಹೆಂಗಸರ ಕಥೆಯೂ ಅದೇ. ಒಂದೇ ಕಟ್ಟಡದೊಳಗೂ ಇಂತಹ ವ್ಯತ್ಯಾಸ ಇದೆ. 2007ರಲ್ಲಿ ಮೂವರು ಕಾನೂನು ಪ್ರಾಧ್ಯಾಪಕರು ಪ್ರಕಟಿಸಿದ ಅಧ್ಯಯನದಂತೆ, ಮಯಾಮಿಯ ವಲಸೆ ನ್ಯಾಯಾಲಯದಲ್ಲಿ ಕೊಲಂಬಿಯಾ ದೇಶದವರ ಅರ್ಜಿಗಳಲ್ಲಿ ಒಬ್ಬ ನ್ಯಾಯಾಧೀಶರು ಶೇಕಡಾ 5ನ್ನು ಒಪ್ಪಿದರೆ ಅದೇ ನ್ಯಾಯಾಲಯದ ಇನ್ನೊಬ್ಬರು ಶೇಕಡಾ 88ನ್ನು ಒಪ್ಪಿದ್ದರು. ಇಂತಹ ಕಡೆ ಮರುಎಣಿಕೆಯ ಅಪೀಲು ಸಾಕೇ ಎಂಬುದು ನನ್ನ ಪ್ರಶ್ನೆ.

ಯಾವ ದೇಶವೇ ಆಗಲಿ, ಅರ್ಜಿ ಬೀಳುವುದು ಹೆಚ್ಚಾಗಿ 'ಮಾತು ನಂಬಲರ್ಹವಲ್ಲ' ಎಂಬ ಕಾರಣಕ್ಕೆ. ಮೊದಲ ಸಂದರ್ಶನದಲ್ಲಿ ಒಂದು ತಾರೀಖು, ಎರಡನೆಯದರಲ್ಲಿ ಇನ್ನೊಂದು. ಅಫ್ಘಾನಿಸ್ತಾನದವರು ಬಳಸುತ್ತಾ ಬಂದ ಸೌರ ಪಂಚಾಂಗದ ವರ್ಷವನ್ನು ಇಸವಿಗೆ ತಿರುಗಿಸುವಾಗ ದುಭಾಷಿ ಒಂದು ವರ್ಷ ಆಚೀಚೆ ಮಾಡಿದರೆ ಅದು ಅರ್ಜಿದಾರನ ಸುಳ್ಳಾಗುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಎಂದು ಬರೆಯುವುದು ಅಲ್ಲಿನ ರೂಢಿ. ನಾವು ನಗಬೇಕಾಗಿಲ್ಲ. ಈ ಸಭೆಯಲ್ಲಿರುವ ಹಿರಿಯರಲ್ಲಿ ಎಷ್ಟು ಮಂದಿಯ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದೆ, ಕೈ ಎತ್ತಿ ನೋಡೋಣ! ಮೇಷ್ಟ್ರು ಶಾಲೆಗೆ ಸೇರಿಸುವಾಗ ಬರೆದುಕೊಂಡ ತಾರೀಖು ಅದು. ಎದುರಿಗೆ ಕೂರಿಸಿ ಕೇಳುವ ಮೇಲ್ಮನವಿಯಲ್ಲಿ ಇಂತಹದ್ದನ್ನು ಬಿಡಿಸಿ ಹೇಳಬಹುದು. ಕಾಗದದ ಮೇಲಿನ ಮೇಲ್ಮನವಿಯಲ್ಲಿ ಅದು ಕೊನೆಯವರೆಗೂ ಸುಳ್ಳಾಗಿಯೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಹೇಗೆ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರಬೇಕು. ಭಾರತ 1951ರ ಒಪ್ಪಂದಕ್ಕೂ 1967ರ ಪೂರಕ ಒಪ್ಪಂದಕ್ಕೂ ಸಹಿ ಹಾಕಿಲ್ಲ, ನಿರಾಶ್ರಿತರ ಬಗ್ಗೆ ಪ್ರತ್ಯೇಕ ಕಾಯ್ದೆಯೂ ಇಲ್ಲ. ಹಾಗೆಂದು ಆಶ್ರಯ ಕೊಟ್ಟಿಲ್ಲವೆಂದಲ್ಲ. ನಮ್ಮದೇ ರಾಜ್ಯದ ಬೈಲಕುಪ್ಪೆ, ಮುಂಡಗೋಡ, ಕೊಳ್ಳೇಗಾಲದ ಟಿಬೆಟನ್ ವಸತಿಗಳು ಅದಕ್ಕೆ ಸಾಕ್ಷಿ. ಅಲ್ಲಿ ಜಮೀನು ಕೊಟ್ಟದ್ದು ಸರಕಾರದ ತೀರ್ಮಾನದಿಂದ, ಕಾಯ್ದೆಯ ಹಕ್ಕಿನಿಂದಲ್ಲ. ಟಿಬೆಟನ್ನರು ಮತ್ತು ಶ್ರೀಲಂಕಾ ತಮಿಳರ ವಿಷಯವನ್ನು ಸರಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಮುಂತಾದ ದೇಶಗಳವರ ಅರ್ಜಿಗಳನ್ನು ದೆಹಲಿಯಲ್ಲಿರುವ ಹೈಕಮಿಷನರ್ ಕಚೇರಿ ಪರಿಶೀಲಿಸುತ್ತದೆ. ಅಲ್ಲಿ ತಿರಸ್ಕೃತವಾದರೆ ಮೇಲ್ಮನವಿಯೂ ಅದೇ ಕಚೇರಿಗೆ. ಮೊದಲು ತೀರ್ಮಾನಿಸಿದವರಲ್ಲದ ಬೇರೊಬ್ಬ ಅಧಿಕಾರಿ ನೋಡುತ್ತಾರೆ. ಅದರಾಚೆ ಹೋಗಲು ಯಾವ ನ್ಯಾಯಮಂಡಳಿಯೂ ಇಲ್ಲ. ಕಚೇರಿ ಮಾನ್ಯತೆ ಕೊಟ್ಟರೂ ಆ ಚೀಟಿಯನ್ನು ಒಪ್ಪಲೇಬೇಕೆಂಬ ಕಾನೂನು ಪೊಲೀಸರಿಗೆ ಇಲ್ಲ.

ಉಳಿಯುವುದು ಸಂವಿಧಾನ. 21ನೇ ವಿಧಿಯ ಜೀವದ ಹಕ್ಕು ಪ್ರಜೆಗಳಿಗೆ ಮಾತ್ರವಲ್ಲ, ಎಲ್ಲ ವ್ಯಕ್ತಿಗಳಿಗೂ ಇದೆ. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. 1998ರಲ್ಲಿ ಗುಜರಾತ್ ಹೈಕೋರ್ಟ್ ಇರಾಕಿನವರ ಪ್ರಕರಣದಲ್ಲಿ ಹಿಂದಕ್ಕೆ ತಳ್ಳಬಾರದೆಂಬ ತತ್ವವನ್ನು ಈ ವಿಧಿಯೊಳಗೇ ಕಂಡಿತು. ಆದರೆ 2021ರ ಏಪ್ರಿಲಿನಲ್ಲಿ ಜಮ್ಮುವಿನಲ್ಲಿ ಬಂಧಿತರಾದ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಪರಿಹಾರ ಕೊಡಲಿಲ್ಲ. ನಿಗದಿತ ಕ್ರಮವನ್ನು ಅನುಸರಿಸದೆ ಗಡೀಪಾರು ಮಾಡಬಾರದು ಎಂದಷ್ಟೇ ಹೇಳಿತು. 1946ರ ವಿದೇಶೀಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರಿನಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ. ಅದರಲ್ಲೂ ನಿರಾಶ್ರಿತರಿಗೆಂದು ಮೇಲ್ಮನವಿಯ ವ್ಯವಸ್ಥೆ ಇಲ್ಲ. ಆದ್ದರಿಂದ ಇಲ್ಲಿ ವಕೀಲರಿಗೆ ಇರುವ ದಾರಿ 226ನೇ ವಿಧಿಯಂತೆ ಹೈಕೋರ್ಟಿಗೆ ರಿಟ್ ಅರ್ಜಿ. ಹದಿನಾಲ್ಕು ದಿನ, ಏಳು ದಿನ ಎಂಬ ಗಡುವು ಅದಕ್ಕಿಲ್ಲ. ಹಾಗೆಯೇ ತಾನಾಗಿ ಸಿಗುವ ಸ್ಟೇಯೂ ಇಲ್ಲ. ಸಂಗತಿಗಳನ್ನು ಮೊದಲಿನಿಂದ ಕೇಳುವ ವ್ಯವಸ್ಥೆಯೂ ಅಲ್ಲ ಅದು.

ಈ ಸಭೆಯಲ್ಲಿ ಕಾನೂನು ಓದುತ್ತಿರುವ ಮಕ್ಕಳು ಕೆಲವರಿದ್ದೀರಿ, ನಿಮಗೆ ಉಪಯೋಗಕ್ಕೆ ಬರುವ ಒಂದು ಮಾಹಿತಿ ಕೊಡುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ತೆಗೆದು ಓದಿ. ಉಚಿತ ಕಾನೂನು ನೆರವು ಯಾರಿಗೆ ಎಂಬುದನ್ನು ಹೇಳುವಾಗ ಅದು ಮಹಿಳೆ, ಮಗು, ಬಂಧನದಲ್ಲಿರುವ ವ್ಯಕ್ತಿ ಎಂದು ಹೇಳುತ್ತದೆ, ಪ್ರಜೆಯಾಗಿರಬೇಕು ಎಂದು ಹೇಳುವುದಿಲ್ಲ. ವೀಸಾ ಮುಗಿದ ಕಾರಣಕ್ಕೆ ಠಾಣೆಯಲ್ಲಿ ಕುಳಿತ ಒಬ್ಬ ವಿದೇಶಿ ಹೆಣ್ಣುಮಗಳ ಪರವಾಗಿ ನೀವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲಿಗೆ ಹೋದರೆ, 'ಇವಳು ನಮ್ಮ ದೇಶದವಳಲ್ಲ' ಎಂಬ ಉತ್ತರ ಕೇಳಿ ಹಿಂದೆ ಬರಬೇಡಿ, ಆ ಕಲಂ ತೋರಿಸಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಊಟದ ನಂತರ ಇಲ್ಲೇ ಇರುತ್ತೇನೆ, ಬಂದು ಕೇಳಿ.